ಕ್ರಿಸ್ಮಸ್ ಒಳಗೆ ಸಮಾಧಾನ ಬೇಕು ಅಂದರೆ ಸಹಿ ಹಾಕಲೇಬೇಕಾ?

ಪ್ರಶ್ನೆ: ನನಗೆ 42 ವರ್ಷ. ಗದಗ-ಬೆಟಗೇರಿಯಲ್ಲಿ ಇದ್ದೇನೆ. ಚಿಕ್ಕಂದಿನಿಂದ ಚರ್ಚಿಗೆ ಹೋಗುವವಳು, ಮಹಿಳಾ ಸಂಘದಲ್ಲೂ ಗಾಯನ ತಂಡದಲ್ಲೂ ಇದ್ದೇನೆ. ಈ ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅವ್ವ ಅಣ್ಣನ ಹತ್ತಿರ ಇದ್ದಾಳೆ. ಮನೆ ಅಪ್ಪನ ಹೆಸರಲ್ಲಿದೆ. ‘ಮದುವೆ ಆಗಿ ಹೋದವಳಿಗೆ ಇದರಲ್ಲಿ ಏನೂ ಬರಲ್ಲ, ಆದರೂ ಮುಂದೆ ತಕರಾರು ಬೇಡ’ ಅಂತ ಅಣ್ಣ ಹಕ್ಕು ಬಿಡುವ ಕಾಗದ ತಂದ. ಯೋಚನೆ ಮಾಡಿ ಹೇಳ್ತೀನಿ ಅಂದೆ, ಅವತ್ತಿನಿಂದ ಮಾತಿಲ್ಲ. ಆರಾಧನೆಯಲ್ಲಿ ಸಮಾಧಾನ ಹಂಚಿಕೊಳ್ಳುವಾಗ ಕೈ ಕೊಡುತ್ತಾನೆ, ಹೊರಗೆ ಬಂದ ಮೇಲೆ ಮುಖ ತಿರುಗಿಸುತ್ತಾನೆ. ‘ಕ್ರಿಸ್ಮಸ್ ಒಳಗೆ ಸಹಿ ಮಾಡಲಿ, ಎಲ್ಲರೂ ಒಂದಾಗಿ ಹಬ್ಬ ಮಾಡೋಣ’ ಅಂತ ವೈನಿ ಹೇಳಿ ಕಳಿಸಿದ್ದಾಳೆ. ಜೂನ್‌ನಿಂದ ನನಗೆ ನಿದ್ದೆ ಇಲ್ಲ. ಡಾಕ್ಟರು ಡಿಪ್ರೆಶನ್ ಅಂತ ಗುಳಿಗೆ ಕೊಟ್ಟರು, ಈಗ ಸ್ವಲ್ಪ ಪರವಾಗಿಲ್ಲ. ಆದರೆ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ದೇವರ ಕಡೆ ಪೂರ್ತಿ ತಿರುಗಿದರೆ ಗುಳಿಗೆ ಯಾಕೆ ಬೇಕು, ಅದನ್ನು ಬಿಟ್ಟು ಮೂರು ದಿನ ಉಪವಾಸ ಪ್ರಾರ್ಥನೆ ಮಾಡು ಅಂತಾರೆ. ಪ್ರಾರ್ಥನೆ ಮಾಡ್ತಾನೇ ಇದ್ದೇನೆ. ಮನಸ್ಸು ಖಾಲಿ. ಇತ್ತ ಅತ್ತೆ ಸಾವಾದ ವರ್ಷ ನಕ್ಷತ್ರ ಕಟ್ಟಬಾರದು ಅಂತಾರೆ, ಮಕ್ಕಳು ಕಟ್ಟೋಣ ಅಂತಾರೆ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ ತಂಗಿ. ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ನಂಬಿಕೆಯ ಕೊರತೆ ಕಾಣಲಿಲ್ಲ. ಕಂಡದ್ದು ಬೇರೆ. ನಿಮ್ಮ ಸುತ್ತ ಇರುವ ಪ್ರತಿಯೊಬ್ಬರೂ ‘ದೇವರ ಕಡೆ ತಿರುಗು’ ಅಂತಲೇ ಹೇಳುತ್ತಿದ್ದಾರೆ, ಆದರೆ ಒಬ್ಬರ ಬಾಯಲ್ಲಿ ಅದಕ್ಕೆ ಸಹಿ ಹಾಕು ಅನ್ನೋ ಅರ್ಥ, ಇನ್ನೊಬ್ಬರ ಬಾಯಲ್ಲಿ ಗುಳಿಗೆ ಬಿಡು ಅನ್ನೋ ಅರ್ಥ. ಇವು ಅವರಿಗೆ ಬೇಕಾದವು. ದೇವರಿಗೆ ಏನು ಬೇಕು ಅನ್ನೋದು ಬೇರೆ ಪ್ರಶ್ನೆ, ಅದನ್ನು ಇವುಗಳಿಂದ ಬಿಡಿಸಿ ನೋಡಬೇಕು.

ನಾನು ಸಭಾಪಾಲಕ, ಜೊತೆಗೆ ಆಪ್ತಸಮಾಲೋಚನೆ ಕಲಿತವನು. ಧಾರವಾಡ, ಹುಬ್ಬಳ್ಳಿ, ನಿಮ್ಮ ಗದಗ, ಹಾವೇರಿ ಕಡೆಯ ಸಭೆಗಳಲ್ಲಿ ಡಿಸೆಂಬರ್ ಬಂತು ಅಂದರೆ ನನ್ನ ಹತ್ತಿರ ಬರುವವರು ಜಾಸ್ತಿ ಆಗುತ್ತಾರೆ. ಹಾಡಿನ ಅಭ್ಯಾಸ ಮುಗಿಸಿ, ಮನೆಗೆ ಹೋಗಿ ಕರ್ಚಿಕಾಯಿ ಕರಿಯೋದು ಬಾಕಿ ಇರುವ ಹೆಂಗಸರು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ‘ಅಯ್ಯನವರೇ, ಎಲ್ಲರಿಗೂ ಖುಷಿ ಇದೆ, ನನಗೊಬ್ಬಳಿಗೇ ಇಲ್ಲ’ ಅನ್ನುತ್ತಾರೆ. ಒಬ್ಬಳಿಗೇ ಅಂತ ಹೇಳುವವರ ಸಂಖ್ಯೆ ಸಣ್ಣದಲ್ಲ ನೋಡ್ರಿ.

ಕ್ರಿಸ್ಮಸ್ ರಾತ್ರಿ ಭಕ್ತಿಯಿಂದ ಕೂತರೆ ಸಮಾಧಾನ ತಾನಾಗಿ ಇಳಿದು ಬರುತ್ತದೆ ಅನ್ನೋ ಒಂದು ನಿರೀಕ್ಷೆ ನಮ್ಮಲ್ಲಿದೆ. ಹಾಡುಗಳು, ಗೋದಲಿ, ದೀಪ ಎಲ್ಲಾ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಸುವಾರ್ತೆಯನ್ನು ತೆಗೆದು ಓದಿದರೆ ಚಿತ್ರ ಬೇರೆಯೇ ಇದೆ. ಲೂಕನ ಮೊದಲ ಎರಡು ಅಧ್ಯಾಯಗಳಲ್ಲಿ ದೇವದೂತ ಜಕರೀಯನಿಗೆ, ಮರಿಯಳಿಗೆ, ಆಮೇಲೆ ಹೊಲದಲ್ಲಿದ್ದ ಕುರುಬರಿಗೆ ಕಾಣಿಸಿಕೊಳ್ಳುತ್ತಾನೆ. ಮೂವರಿಗೂ ಹೇಳುವ ಮಾತು ‘ಭಯಪಡಬೇಡ’ ಅಂತ. ಮತ್ತಾಯನಲ್ಲಿ ಯೋಸೇಫನಿಗೂ ಅದೇ ಮಾತು. ಅಂದರೆ ಸಮಾಧಾನದ ಸುದ್ದಿ ಬಂದಿದ್ದು ಹೆದರಿದವರಿಗೆ. ಮನಸ್ಸು ತಿಳಿಯಾದ ಮೇಲೆ ಬನ್ನಿ ಅಂತ ಯಾರಿಗೂ ಹೇಳಲಿಲ್ಲ. ಸುದ್ದಿ ಬಂದ ಮೇಲಾದರೂ ಕಷ್ಟ ನಿಂತಿತಾ? ಇಲ್ಲ. ಯೋಸೇಫ ರಾತ್ರೋರಾತ್ರಿ ಕೂಸು ಬಾಣಂತಿಯನ್ನು ಕರೆದುಕೊಂಡು ಐಗುಪ್ತಕ್ಕೆ ಓಡಿಹೋದ, ಅರಸ ಹೆರೋದ ಊರಿನ ಗಂಡು ಕೂಸುಗಳನ್ನು ಕೊಲ್ಲಿಸಿದ. ನಮ್ಮ ಮಕ್ಕಳ ನಾಟಕದಲ್ಲಿ ಈ ಭಾಗ ಬರೋದಿಲ್ಲ. ಜೋಯಿಸರು ಬಂಗಾರ ಕೊಟ್ಟ ತಕ್ಷಣ ಪರದೆ ಎಳೆದುಬಿಡುತ್ತೇವೆ, ಕೇಕ್ ಹಂಚುತ್ತೇವೆ.

ಇನ್ನೊಂದು ವಿಷಯ, 25 ಡಿಸೆಂಬರ್ ಅನ್ನೋ ತಾರೀಖು ಮತ್ತಾಯನಲ್ಲೂ ಇಲ್ಲ, ಲೂಕನಲ್ಲೂ ಇಲ್ಲ. ರೋಮ್‌ನಲ್ಲಿ ಆ ದಿನ ಹಬ್ಬ ಮಾಡಿದ್ದಕ್ಕೆ ಸಿಗುವ ಹಳೆಯ ದಾಖಲೆ 336ರದ್ದು. ಹಬ್ಬ ಬೇಡ ಅಂತ ನಾನು ಹೇಳುತ್ತಿಲ್ಲ, ನನಗೂ ಆ ದಿನ ಇಷ್ಟ. ಆದರೆ ‘25ರ ಒಳಗೆ’ ಅಂತ ಯಾರಾದರೂ ನಿಮಗೆ ಗಡುವು ಕೊಟ್ಟರೆ ಅದು ದೇವರು ಕೊಟ್ಟ ಗಡುವು ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಸಹಿಯ ವಿಷಯಕ್ಕೆ ಬೇಕಾಗುತ್ತದೆ.

ಹಾಗಾದರೆ ಮನಸ್ಸು ಖಾಲಿ ಅನ್ನಿಸಿದರೆ ನಂಬಿಕೆಯೇ ಇಲ್ಲ ಅನ್ನೋ ಭಯ ನಮಗೆ ಎಲ್ಲಿಂದ ಬಂತು? ಇದಕ್ಕೆ ನಮ್ಮ ಭಾಗದ ಇತಿಹಾಸವೂ ಸ್ವಲ್ಪ ಕಾರಣ ಅಂತ ನನ್ನ ಅನಿಸಿಕೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಅವರಲ್ಲಿ ತುಂಬಾ ಜನ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಭಕ್ತಿ ಚಳವಳಿಯಲ್ಲಿ ಬೆಳೆದವರು. ಹೆಸರಿಗೆ ಕ್ರೈಸ್ತನಾದರೆ ಸಾಲದು, ಹೃದಯ ತಿರುಗಬೇಕು, ಅದು ನಿನಗೇ ಗೊತ್ತಾಗಬೇಕು ಅನ್ನೋದು ಅವರ ಒತ್ತು. ಅದರಿಂದ ನಮಗೆ ಒಳ್ಳೆಯದೇ ಆಗಿದೆ. ಮನೆಯಲ್ಲಿ ಕೂತು ಬೈಬಲ್ ಓದೋದು, ಸ್ವಂತ ಮಾತಲ್ಲಿ ಪ್ರಾರ್ಥನೆ ಮಾಡೋದು ಇವೆಲ್ಲಾ ನಮ್ಮ ಅಜ್ಜ-ಅಮ್ಮಂದಿರಿಗೆ ಹಾಗೆ ಬಂದ ಅಭ್ಯಾಸ. ಆದರೆ ಜೊತೆಗೆ ಒಂದು ತೊಂದರೆಯೂ ಉಳಿಯಿತು. ಕೂಟದಲ್ಲಿ ಸಾಕ್ಷಿ ಹೇಳುವವರು ‘ಆ ದಿನ, ಆ ಗಳಿಗೆಗೆ ನನ್ನ ಹೃದಯ ತುಂಬಿ ಬಂತು’ ಅನ್ನುತ್ತಾರೆ. ಕೇಳಿದವರು ಮನೆಗೆ ಹೋಗಿ ತಮ್ಮ ಹೃದಯ ತುಂಬಿದೆಯಾ ಅಂತ ಅಳೆಯುತ್ತಾರೆ. ಕಡಿಮೆ ಬಿದ್ದರೆ ಅಪರಾಧಿಯ ಭಾವ. ದೇವರ ಕಡೆ ನೋಡೋದು ಬಿಟ್ಟು ನಮ್ಮ ಮನಸ್ಸಿನ ಕಡೆಗೇ ನೋಡುತ್ತಾ ಕೂತರೆ, ಅದನ್ನು ತಿರುಗುವುದು ಅಂತ ಹೇಗೆ ಅನ್ನೋದು?

ನಿಮ್ಮ ಖಾಲಿತನಕ್ಕೆ ನನಗೆ ಕಾಣುವ ಕಾರಣಗಳು ತೀರಾ ಸಾದಾ. ಅಪ್ಪ ಹೋಗಿ ವರ್ಷ ತುಂಬಿಲ್ಲ, ಅವರಿಲ್ಲದ ಮೊದಲ ಕ್ರಿಸ್ಮಸ್ ಇದು. ದುಃಖ ಇದ್ದ ಮನೆಯಲ್ಲಿ ಮೊದಲ ಹಬ್ಬ ಗಾಯವನ್ನು ಮತ್ತೆ ಕೆದಕುತ್ತದೆ, ಎಷ್ಟು ಭಕ್ತಿ ಇದ್ದರೂ. ಅಣ್ಣನ ಜೊತೆ ಮಾತಿಲ್ಲದ್ದರಿಂದ ಅಪ್ಪನ ನೆನಪನ್ನು ಹಂಚಿಕೊಳ್ಳಬೇಕಾದ ಒಬ್ಬ ಮನುಷ್ಯನೂ ಇಲ್ಲದಂತಾಗಿದೆ, ಅವ್ವನನ್ನು ನೋಡಲಿಕ್ಕೂ ಅದೇ ಮನೆಗೆ ಹೋಗಬೇಕು. ಅದರ ಮೇಲೆ ಡಿಪ್ರೆಶನ್. ಈ ಕಾಯಿಲೆಯ ಲಕ್ಷಣವೇ ಅದು, ಮೊದಲು ಖುಷಿ ಕೊಡುತ್ತಿದ್ದ ವಿಷಯ ಈಗ ಏನೂ ಅನ್ನಿಸೋದಿಲ್ಲ. ಹಾಡಿನಲ್ಲೂ ಏನೂ ಇಲ್ಲ, ಮಕ್ಕಳ ನಗುವಿನಲ್ಲೂ ಏನೂ ಇಲ್ಲ, ಪ್ರಾರ್ಥನೆಯಲ್ಲೂ ಏನೂ ಇಲ್ಲ. ಜ್ವರ ಬಂದಾಗ ಬಾಯಿ ಕೆಟ್ಟು ಅನ್ನ ರುಚಿಸದಿದ್ದರೆ ಅನ್ನದ ಮೇಲೆ ಅನುಮಾನ ಪಡುತ್ತೇವಾ?

ಗುಳಿಗೆಯ ವಿಷಯದಲ್ಲಿ ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ಬಿಡಬೇಡಿ. ಕೂಟದ ಹಿರಿಯರು ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅದು ಅಪಾಯದ ಸಲಹೆ. ಡಿಪ್ರೆಶನ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವುದು, ವಾಕರಿಕೆ, ನಿದ್ದೆಗೆಡುವುದು, ಸಿಡಿಮಿಡಿ, ಮೈಯಲ್ಲಿ ಕರೆಂಟ್ ಹೊಡೆದಂಗೆ ಆಗುವುದು, ಹೀಗೆಲ್ಲಾ ಆಗಬಹುದು. ಅದಕ್ಕಿಂತ ದೊಡ್ಡದು ಕಾಯಿಲೆ ಮರಳಿ ಬರುವ ಸಾಧ್ಯತೆ. ಆರಾಮ ಅನ್ನಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅಂತ ಡಾಕ್ಟರುಗಳು ಸಾಮಾನ್ಯವಾಗಿ ಹೇಳುತ್ತಾರೆ, ನಿಲ್ಲಿಸುವಾಗಲೂ ನಿಧಾನಕ್ಕೆ ಡೋಸ್ ಇಳಿಸುತ್ತಾರೆ. ನಿಮಗೆ ಎಷ್ಟು ದಿನ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು, ನಾನೂ ಅಲ್ಲ, ಹಿರಿಯರೂ ಅಲ್ಲ. ಉಪವಾಸವೂ ಈಗ ಬೇಡ. ನಿದ್ದೆ, ಊಟ ಈಗಷ್ಟೇ ದಾರಿಗೆ ಬಂದಿರುವವರು ಮೂರು ದಿನ ಹೊಟ್ಟೆ ಕಟ್ಟಿ ರಾತ್ರಿ ಎದ್ದಿದ್ದರೆ ಮತ್ತೆ ಜೂನ್‌ಗೆ ಹೋಗಿ ನಿಲ್ಲಬಹುದು.

ಹಿರಿಯರು ವಾಕ್ಯ ಕೇಳಿದರೆ ಎಲೀಯನ ಕಥೆ ತೋರಿಸಿ, ಅರಸುಗಳು ಮೊದಲನೆಯ ಪುಸ್ತಕ, 19ನೇ ಅಧ್ಯಾಯ. ದೊಡ್ಡ ಪ್ರವಾದಿ. ಜಾಲಿ ಗಿಡದ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆದುಕೊ’ ಅಂತ ದೇವರನ್ನು ಕೇಳಿದ. ದೇವರು ನಂಬಿಕೆ ಸಾಲದು ಅಂತ ಬೈಯಲಿಲ್ಲ. ಮಲಗಲು ಬಿಟ್ಟ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಉಣ್ಣಿಸಿದ. ಮಾತುಕತೆ ಎಲ್ಲಾ ಆಮೇಲೆ, ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಇನ್ನು ಕುರುಬರ ಕಥೆ ನಮಗೆ ಬರೆದುಕೊಟ್ಟ ಲೂಕನನ್ನು ಪೌಲನೇ ‘ಪ್ರಿಯ ವೈದ್ಯ’ ಅಂತ ಕರೆದಿದ್ದಾನೆ, ಅದನ್ನೂ ಹೇಳಿ. ವೈದ್ಯ ಬರೆದ ಸುವಾರ್ತೆ ಓದಿ ಔಷಧಿ ಬಿಡು ಅನ್ನೋದು ವಿಚಿತ್ರ ಅಲ್ವಾ?

ಒಂದು ಮಾತು ನೀವು ಬರೆದಿಲ್ಲ, ಆದರೂ ಕೇಳಲೇಬೇಕು. ಸಾಯಬೇಕು ಅನ್ನೋ ಯೋಚನೆ ಯಾವಾಗಾದರೂ ಬಂದರೆ ಪ್ರಾರ್ಥನಾ ಕೂಟದ ದಿನಕ್ಕೆ ಕಾಯಬೇಡಿ. ಗಂಡನಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಲು ನಾಚಿಕೆಯೂ ಬೇಡ. ಅದನ್ನು ಇನ್ನೂ ಹುಚ್ಚಾಸ್ಪತ್ರೆ ಅನ್ನುವವರು ಇದ್ದಾರೆ, ಅವರ ಬಾಯಿ ನಮ್ಮ ಕೈಯಲ್ಲಿಲ್ಲ.

ಈಗ ಅಣ್ಣನ ಕಾಗದ.

ಕ್ಷಮಿಸುವುದು ಬೇರೆ, ಹಕ್ಕು ಬರೆದುಕೊಡುವುದು ಬೇರೆ. ಇವೆರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸೋದು ನಮ್ಮ ಕಡೆ ಬಹಳ ಮನೆಗಳಲ್ಲಿ ನಡೆಯುತ್ತದೆ, ಕ್ರೈಸ್ತರಲ್ಲಿ ಮಾತ್ರ ಅಲ್ಲ. ‘ತವರುಮನೆ ಬೇಕಾ, ಪಾಲು ಬೇಕಾ’ ಅಂತ ಕೇಳುತ್ತಾರೆ. ಯಾವ ಹೆಣ್ಣುಮಗಳು ಪಾಲು ಅನ್ನುತ್ತಾಳೆ?

ಮದುವೆ ಆದವಳಿಗೆ ಏನೂ ಬರಲ್ಲ ಅನ್ನೋದು ತಪ್ಪು. ಕ್ರೈಸ್ತರಿಗೆ ಅನ್ವಯ ಆಗೋದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ವಿಲ್ ಇಲ್ಲದೆ ತಂದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ ಸಮವಾಗಿ. ಗಂಡು ಹೆಣ್ಣು ಅಂತ ಭೇದ ಇಲ್ಲ, ಮದುವೆ ಆಗಿದೆಯಾ ಅಂತಲೂ ನೋಡೋದಿಲ್ಲ. ನೀವು ಇಬ್ಬರೇ ಮಕ್ಕಳಾದರೆ ಅವ್ವ, ಅಣ್ಣ, ನೀವು, ಮೂವರಿಗೂ ಒಂದೊಂದು ಪಾಲು. ಇದರಲ್ಲಿ ಅವ್ವನ ಪಾಲು ಎಲ್ಲರೂ ಮರೆಯುವಂಥದ್ದು. ಅವಳ ಸಹಿಯನ್ನೂ ತೆಗೆದುಕೊಂಡಿದ್ದಾರಾ ಅಂತ ಮೆಲ್ಲಗೆ ವಿಚಾರಿಸಿ. ಮನೆಯ ಉತಾರದಲ್ಲಿ (ಆಸ್ತಿ ದಾಖಲೆಯಲ್ಲಿ) ಈಗ ಯಾರ ಹೆಸರು ಇದೆ ಅನ್ನೋದನ್ನೂ ತೆಗೆಸಿ ನೋಡಿ.

ವಾಕ್ಯದ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಇಂಥ ಜಗಳದಲ್ಲಿ ಅದನ್ನು ಹಿಡಿದುಕೊಂಡೇ ಬರುತ್ತಾರೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅಂತ ಮತ್ತಾಯ 5ರಲ್ಲಿ ಇದೆ. ನಮ್ಮ ಸಂಸ್ಕಾರದ ಆರಾಧನೆಯಲ್ಲಿ ಕಾಣಿಕೆಗೆ ಮುಂಚೆ ಕೈ ಕೊಟ್ಟು ಸಮಾಧಾನ ಹಂಚಿಕೊಳ್ಳುವುದಕ್ಕೂ ಈ ಮಾತೇ ಆಧಾರ. ಒಂದಾಗು ಅಂತ ಇದೆ, ಸರಿ, ಆದರೆ ಅದು ಅಣ್ಣನಿಗೂ ಅಷ್ಟೇ ಹೇಳಿದ ಮಾತು. ಕೈ ಕೊಟ್ಟು ಹೊರಗೆ ಬಂದು ಮುಖ ತಿರುಗಿಸುವವನು ಆ ವಾಕ್ಯವನ್ನು ತಂಗಿಗೆ ಮಾತ್ರ ಓದಿ ಹೇಳುವಂತಿಲ್ಲ. ಬೈಬಲಿನ ಅರಣ್ಯಕಾಂಡ 27ರಲ್ಲಿ ಐವರು ಅಕ್ಕತಂಗಿಯರು ಮೋಶೆಯ ಮುಂದೆ ನಿಂತು ತಂದೆಯ ಆಸ್ತಿಯಲ್ಲಿ ಪಾಲು ಕೇಳುತ್ತಾರೆ. ಅವರು ಕೇಳುವುದು ಸರಿಯಾಗಿದೆ ಅಂತ ದೇವರು ಹೇಳುತ್ತಾನೆ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ ಅನ್ನೋದು ನಿಜ, ನಿಮ್ಮ ಕೇಸಿಗೆ ಪೂರ್ತಿ ಹೊಂದೋದಿಲ್ಲ. ಆದರೆ ಪಾಲು ಕೇಳುವ ಹೆಣ್ಣುಮಗಳು ಪಾಪ ಮಾಡುತ್ತಿಲ್ಲ ಅನ್ನೋದಕ್ಕೆ ಅಷ್ಟು ಸಾಕು.

ಇದರ ಇನ್ನೊಂದು ಬದಿಯನ್ನೂ ಮುಚ್ಚಿಡಬಾರದು. ಲೂಕ 12ರಲ್ಲಿ ಒಬ್ಬ ಬಂದು, ಪಾಲು ಕೊಡಲು ನನ್ನ ಅಣ್ಣನಿಗೆ ಹೇಳು ಅಂತ ಯೇಸುವನ್ನು ಕೇಳುತ್ತಾನೆ. ನನ್ನನ್ನು ನಿಮಗೆ ನ್ಯಾಯಾಧೀಶನನ್ನಾಗಿ ಯಾರು ಇಟ್ಟರು ಅಂತ ಕೇಳಿ, ಆಮೇಲೆ ದುರಾಸೆಯ ಬಗ್ಗೆ ಎಚ್ಚರಿಸುತ್ತಾನೆ. ಹಾಗಾಗಿ ಪಾಲಿನ ಲೆಕ್ಕ ಮಾಡಲು ಕೋರ್ಟು, ಕಾಯಿದೆ ಇವೆ, ದೇವರ ಹೆಸರು ಎಳೆಯೋದು ಬೇಡ, ಅಣ್ಣನೂ ಬೇಡ, ನೀವೂ ಬೇಡ. ನಿಮಗೆ ನಿಜವಾಗಿ ಬೇಕಾದ್ದು ಮನೆಯ ಪಾಲಾ, ಅಥವಾ ‘ನೀನೂ ಈ ಮನೆಯ ಮಗಳು’ ಅನ್ನೋ ಒಂದು ಮಾತಾ? ಎರಡೂ ಇರಬಹುದು. ಅದನ್ನು ದೇವರ ಮುಂದೆ ಕೂತು ನೀವೇ ನೋಡಿಕೊಳ್ಳಬೇಕು, ನನಗೆ ಗೊತ್ತಾಗುವ ವಿಷಯ ಅಲ್ಲ.

ದಾರಿಗಳು ಕೆಲವು ಇವೆ, ಯಾವುದೂ ಸಲೀಸಲ್ಲ. ಈಗಲೇ ಸಹಿ ಹಾಕಿದರೆ ಹಬ್ಬದ ದಿನ ಅಣ್ಣನ ಮನೆಯಲ್ಲಿ ಊಟ ಆಗುತ್ತದೆ, ಅವ್ವನ ಮುಖ ಅರಳುತ್ತದೆ. ಆದರೆ ರಿಜಿಸ್ಟರ್ ಆದ ಹಕ್ಕುಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸಬೇಕಾದರೆ ಕೋರ್ಟಿಗೆ ಹೋಗಿ ಮೋಸವೋ ಒತ್ತಾಯವೋ ಆಯಿತು ಅಂತ ತೋರಿಸಬೇಕು, ಅದು ವರ್ಷಗಟ್ಟಲೆ ಎಳೆಯಬಹುದು. ಮನಸ್ಸಿಲ್ಲದೆ ಕೊಟ್ಟ ಪಾಲು ಒಳಗೊಳಗೇ ಕುದಿಯೋದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಹತ್ತು ವರ್ಷ ಆದ ಮೇಲೆ ಯಾವುದೋ ಮದುವೆಯಲ್ಲಿ ಹೊರಗೆ ಬರುತ್ತದೆ. ಪೂರ್ತಿ ತಿಳಿದು, ಮನಸಾರೆ ಬಿಟ್ಟುಕೊಡುವುದಾದರೆ ಅದು ಬೇರೆ ಮಾತು, ಅಂಥವರನ್ನೂ ಕಂಡಿದ್ದೇನೆ, ಅವರು ಹಗುರಾಗಿದ್ದಾರೆ. ಆದರೆ ಡಿಪ್ರೆಶನ್ ಇರುವಾಗ, ದುಃಖ ಹಸಿ ಇರುವಾಗ ಅಂಥ ದೊಡ್ಡ ತೀರ್ಮಾನ ಮಾಡಬೇಡಿ ಅಂತಲೇ ನಾವು ಹೇಳೋದು.

ಹಾಗಂತ ತಕ್ಷಣ ಕೇಸು ಹಾಕಿದರೆ ಹಕ್ಕು ಉಳಿಯಬಹುದು, ಅವ್ವ ಮಾತ್ರ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾಳೆ.

ನನಗೆ ಸರಿ ಕಾಣುವುದು ನಡುವಿನ ದಾರಿ. ಅಣ್ಣನಿಗೆ ನೀವೇ ಒಂದು ಸಣ್ಣ ಮಾತು ಹೇಳಿ ಕಳಿಸಿ, ವೈನಿಯ ಮೂಲಕ ಬೇಡ. ‘ಅಣ್ಣಾ, ನಿನ್ನ ಮೇಲೆ ಸಿಟ್ಟಿಲ್ಲ. ಈ ವರ್ಷ ಕಾಗದದ ಮಾತು ಬೇಡ. ಅಪ್ಪ ಇಲ್ಲದ ಮೊದಲ ಕ್ರಿಸ್ಮಸ್, ಅವ್ವನನ್ನು ನೋಡಲು ಬರ್ತೀನಿ.’ ಇಷ್ಟು ಸಾಕು. ಸಿಟ್ಟು ಇದ್ದರೆ ಮಾತ್ರ ಸಿಟ್ಟಿಲ್ಲ ಅಂತ ಬರೆಯಬೇಡಿ, ‘ಸಿಟ್ಟಿದೆ, ಆದರೂ ಬರ್ತೀನಿ’ ಅಂತ ಬರೆಯಿರಿ. ಅವನು ಬಾಗಿಲು ತೆಗೆಯದಿರುವ ಸಾಧ್ಯತೆಯೂ ಇದೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಗಂಡ ಜೊತೆಗಿರಲಿ. ಹಬ್ಬದ ದಿನವೇ ಹೋಗಬೇಕು ಅಂತಿಲ್ಲ, ಮರುದಿನ ಹೋದರೆ ಜನ ಕಡಿಮೆ, ನಾಟಕವೂ ಕಡಿಮೆ.

ಜನವರಿಯಲ್ಲಿ ಆ ಕಾಗದದ ನಕಲು ಹಿಡಿದು ಗದಗ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೇಸು ಹಾಕುವ ಮುಂಚೆಯೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ. ವಾಟ್ನಿ, ಅಂದರೆ ಆಸ್ತಿ ಹಂಚಿಕೆ, ಹೇಗೆ ಆಗಬೇಕು, ಮನೆ ಅಣ್ಣನಿಗೇ ಇರಲಿ, ನಿಮಗೆ ಅದರ ಬದಲು ದುಡ್ಡು ಬರಲಿ ಅನ್ನೋ ಥರದ ಒಪ್ಪಂದಗಳು ಅಲ್ಲೇ ಆಗುತ್ತವೆ. ಅಲ್ಲಿಯವರೆಗೆ ಖಾಲಿ ಸ್ಟಾಂಪ್ ಪೇಪರಿನ ಮೇಲೆ ಯಾರು ಕೇಳಿದರೂ ಸಹಿ ಬೇಡ, ಸಭೆಯ ಹಿರಿಯರು ಕೇಳಿದರೂ ಬೇಡ.

ನಕ್ಷತ್ರದ ವಿಷಯ ಸಣ್ಣದು. ಸಾವಾದ ವರ್ಷ ಹಬ್ಬ ಮಾಡಬಾರದು ಅನ್ನೋದು ಈ ಸೀಮೆಯ ರೂಢಿ, ಎಲ್ಲ ಜಾತಿ ಧರ್ಮದವರಲ್ಲೂ ಇದೆ. ಸಭೆಯ ನಿಯಮ ಅಲ್ಲ. ಅತ್ತೆಯವರದು ದುಃಖಕ್ಕೆ ಕೊಡುವ ಮರ್ಯಾದೆ, ಅದನ್ನು ಮೂಢನಂಬಿಕೆ ಅಂತ ತಳ್ಳಬೇಡಿ. ಮಕ್ಕಳು ಕಟ್ಟಲಿ, ಹೊಸ ಬಟ್ಟೆ, ದೊಡ್ಡ ಅಡುಗೆ ಬಿಡಿ. ಸಂಘದ ಸಾಲ ತೆಗೆದು ಹಬ್ಬ ಮಾಡುವವರಿಗೂ ನಾನು ಇದನ್ನೇ ಹೇಳೋದು, ಸಾವು ಇಲ್ಲದ ವರ್ಷವೂ.

ಇನ್ನು ದೇವರ ಕಡೆ ತಿರುಗುವುದು. ಈ ಡಿಸೆಂಬರ್‌ನಲ್ಲಿ ನಿಮಗೆ ಅದು ಹೇಗಿರಬಹುದು ಅಂತ ನನಗೆ ತೋಚಿದ್ದು ಹೇಳುತ್ತೇನೆ. ಗಾಯನ ತಂಡಕ್ಕೆ ಈ ವರ್ಷ ರಜೆ ಹೇಳಿ. ಕ್ಯಾರೋಲ್ ತಂಡದ ಜೊತೆ ರಾತ್ರಿ ಹನ್ನೆರಡರವರೆಗೆ ಮನೆ ಮನೆ ಸುತ್ತುವುದು, ನಿದ್ದೆ ಈಗಷ್ಟೇ ದಾರಿಗೆ ಬಂದಿರುವವರಿಗೆ ಒಳ್ಳೆಯದಲ್ಲ. ಆರಾಧನೆಗೆ ಹೋಗಿ, ಹಿಂದೆ ಕೂತುಕೊಳ್ಳಿ, ಅಳು ಬಂದರೆ ಎದ್ದು ಹೊರಗೆ ಬನ್ನಿ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಬಂಧುಗಳೆಲ್ಲಾ ಬರುವ ದೊಡ್ಡ ಆರಾಧನೆ ತಡೆಯಲಾಗದಿದ್ದರೆ ಇನ್ನೊಂದು ಸಭೆಗೆ ಹೋಗಿ, ದೇವರು ಅಲ್ಲೂ ಸಿಗುತ್ತಾನೆ. ಇದರ ಅಪಾಯ ಏನೆಂದರೆ ಒಮ್ಮೆ ತಪ್ಪಿಸಿದ್ದು ರೂಢಿಯಾಗಿ ಪೂರ್ತಿ ಒಬ್ಬರೇ ಆಗಿಬಿಡಬಹುದು, ಅದಕ್ಕೆ ನಂಬಿಕಸ್ತ ಗೆಳತಿ ಒಬ್ಬಳಿಗೆ ಮೊದಲೇ ಹೇಳಿಟ್ಟಿರಿ, ವಾರಕ್ಕೊಮ್ಮೆ ಬಂದು ವಿಚಾರಿಸಲಿ.

ಪ್ರಾರ್ಥನೆಗೆ ಮಾತು ಹುಟ್ಟದಿದ್ದರೆ 13ನೇ ಕೀರ್ತನೆ ಓದಿ. ಮೊದಲ ಎರಡು ವಚನಗಳಲ್ಲೇ ಇನ್ನೂ ಎಷ್ಟು ಕಾಲ ಅಂತ ನಾಲ್ಕು ಸಲ ಕೇಳುತ್ತಾನೆ ದಾವೀದ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಾಂತ್ವನದ ಸಾಲೂ ಇಲ್ಲ. ಅದನ್ನೂ ಪ್ರಾರ್ಥನೆ ಅಂತಲೇ ಬೈಬಲಿನಲ್ಲಿ ಇಟ್ಟಿದ್ದಾರೆ. ನಿಮ್ಮ ಖಾಲಿ ಮನಸ್ಸನ್ನು ಇದ್ದ ಹಾಗೇ ದೇವರ ಮುಂದೆ ಇಟ್ಟು, ‘ನನಗೆ ಏನೂ ಅನ್ನಿಸುತ್ತಿಲ್ಲ, ಅಪ್ಪ ಬೇಕು ಅನ್ನಿಸುತ್ತಿದೆ’ ಅಂತ ಹೇಳಿದರೆ ಅದು ತಿರುಗುವುದೇ. ಸುಮ್ನೆ ಖುಷಿ ಬಂದವರ ಹಾಗೆ ಹಾಡಿದರೆ ಅದು ತಿರುಗಿದಂತೆ ಆಗಲಿಲ್ಲ. ಸಮಾಧಾನ ಯಾವಾಗ ಬರುತ್ತದೆ ಅಂತ ನಾನು ತಾರೀಖು ಹೇಳಲಾರೆ. ನನ್ನ ಹತ್ತಿರ ಬಂದವರಲ್ಲಿ ಬಹಳ ಜನರಿಗೆ ಅದು ಹಬ್ಬದ ರಾತ್ರಿ ಬರಲಿಲ್ಲ, ಯಾವುದೋ ಸಾದಾ ದಿನ ಬಂತು, ಪಾತ್ರೆ ತೊಳೆಯುವಾಗಲೋ ಬಸ್ಸಿನಲ್ಲೋ, ಬಂದಿದೆ ಅಂತ ಅವರಿಗೆ ಗೊತ್ತಾಗಿದ್ದೂ ಆಮೇಲೆ.

ಡಾಕ್ಟರ್ ಹತ್ತಿರ ಮುಂದಿನ ಸಲ ಹೋದಾಗ ಉಪವಾಸದ ಮಾತು, ಗುಳಿಗೆ ಬಿಡು ಅಂದ ಮಾತು ಎರಡನ್ನೂ ಅವರಿಗೆ ಹೇಳಿ. ಗುಳಿಗೆ 25ರ ಹತ್ತಿರ ಮುಗಿಯುವಂತಿದ್ದರೆ ಮೊದಲೇ ತಂದಿಟ್ಟುಕೊಳ್ಳಿ, ರಜೆಯಲ್ಲಿ ಡಾಕ್ಟರು ಸಿಗೋದು ಕಷ್ಟ. ವಕೀಲರು ಏನಂದರು ಅಂತ ಜನವರಿಯಲ್ಲಿ ಬರೆಯಿರಿ.